ಕುಲುಮೆಯ ಮೇಲೆ ಹಿಡಿದ ಕೈ

ಅಥವಾ ಕೆಂಡ ಕೆಂಪಗೆ ಇರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಅದು ಕೆಂಪಗಿದೆ. ಎಷ್ಟು ಕೆಂಪಗೆಂದರೆ ಅದರ ಬೆಳಕು ಭಾವನ ಮೊಣಕೈವರೆಗೆ ಹತ್ತಿದೆ, ಅಕ್ಕನ ಬಳೆಗಳ ಮೇಲೂ ಬಿದ್ದಿದೆ. ಆದರೆ ಅಕ್ಕ ಕೆಲಸದ ಹೊತ್ತಿನಲ್ಲಿ ಬಳೆ ಹಾಕುತ್ತಲೇ ಇರಲಿಲ್ಲ. ಬಳೆಗಳನ್ನು ನಾನು ಆಮೇಲೆ ಸೇರಿಸಿದ್ದೇನೆ ಎಂದಾದರೆ ಕೆಂಪನ್ನೂ ಸೇರಿಸಿರಬಹುದು. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ಉಳಿಯುವುದು ಇಷ್ಟು: ಸಾಗರದ ಹೊರಗಿನ ಒಂದು ಶೆಡ್ಡಿನಲ್ಲಿ, ಮಳೆಗಾಲದ ಒಂದು ಮಧ್ಯಾಹ್ನ, ನನ್ನ ಅಕ್ಕನ ಬಲಗೈಯನ್ನು ಅವಳ ಗಂಡ ಕುಲುಮೆಯ ಮೇಲೆ ಹಿಡಿದರು. ಅವಳ ಎರಡು ಬೆರಳು ಹೋದವು. ಹಿಡಿದದ್ದು ಕೈ ಬಿಡಿಸಲೆಂದೋ ಸುಡಲೆಂದೋ ಎಂದು ಅಕ್ಕ ನನ್ನನ್ನು ಕೇಳಿದಳು. ಅಲ್ಲಿದ್ದವಳು ನಾನೊಬ್ಬಳೇ. ಅವರ ಜೊತೆ ಮತ್ತೆ ಒಂದೇ ಸೂರಿನಡಿ ಬಾಳಬೇಕೋ ಬೇಡವೋ ಎನ್ನುವುದನ್ನು ಅವಳು ನನ್ನ ಉತ್ತರಕ್ಕೆ ಬಿಟ್ಟಿದ್ದಳು.

ಹಿಡಿದರು ಎಂದೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೂ ಭಾವನನ್ನು ಏಕವಚನದಲ್ಲಿ ಕರೆದು ಅಭ್ಯಾಸವಿಲ್ಲ.

ಮೊದಲು ಅಲ್ಲಿನ ಕೆಲಸ ಏನೆಂದು ಹೇಳಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಗಂಡ ಹೆಂಡಿರ ಜಗಳವಾಗಿ ಕಾಣುತ್ತದೆ. ನಾನು ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತೇನೆ. ಆ ಯಂತ್ರದೊಳಗಿನ ನೈಲಾನ್ ಮತ್ತು ಹಿತ್ತಾಳೆಯ ಹಲ್ಲುಚಕ್ರಗಳು ಅಕ್ಕನ ಶೆಡ್ಡಿನಿಂದ ಬರುತ್ತವೆ. ಚಕ್ರವನ್ನು ಕೊರೆದು ತೆಗೆದಾಗ ಹಲ್ಲುಗಳ ಅಂಚಿನಲ್ಲಿ ಕೂದಲಿನಂಥ ಸಿಬಿರು ಉಳಿಯುತ್ತದೆ. ಅದನ್ನು ತೆಗೆಯದೆ ಯಂತ್ರಕ್ಕೆ ಹಾಕಿದರೆ ಸಿಬಿರು ಮುರಿದು ಹಲ್ಲುಗಳ ನಡುವೆ ಸಿಕ್ಕಿ, ಚಕ್ರ ತನ್ನ ಹಲ್ಲನ್ನು ತಾನೇ ಕಿತ್ತುಕೊಳ್ಳುತ್ತದೆ.

ಬಹಳ ಕಾಲ ಆ ಸಿಬಿರನ್ನು ಹೆಂಗಸರು ಮೆಟ್ಟುಗತ್ತಿಯ ಮೇಲೆ ತೆಗೆಯುತ್ತಿದ್ದರು. ಮೆಟ್ಟುಗತ್ತಿ ಎಂದರೆ ಅಡಿಕೆ ಸುಲಿಯುವ ಕತ್ತಿ. ಮಣೆಗೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಮಣೆಯ ಮೇಲೆ ಕೂತು, ಕೈಯಲ್ಲಿರುವ ಕಾಯನ್ನು ಅಲಗಿನ ಕಡೆಗೆ ತಳ್ಳಬೇಕು. ಕತ್ತಿ ಕದಲುವುದಿಲ್ಲ, ಕೈಯೇ ಅದರ ಹತ್ತಿರ ಹೋಗಬೇಕು. ಅಡಿಕೆ ಸುಲಿದು ಪಳಗಿದ ಹೆಂಗಸರನ್ನೇ ಭಾವ ಕರೆತಂದು, ಅದೇ ಕತ್ತಿಯ ಮೇಲೆ ಚಕ್ರದ ಹಲ್ಲು ಸವರಲು ಕೂರಿಸಿದ್ದರು. ಭಾವನ ಮನೆತನ ಕಮ್ಮಾರಿಕೆಯದು. ಶೆಡ್ಡು ಹಿಂದೆ ಅವರ ಅಪ್ಪನ ಕಮ್ಮಾರಸಾಲೆಯಾಗಿತ್ತು. ಅಲ್ಲಿದ್ದ ಮೆಟ್ಟುಗತ್ತಿಗಳನ್ನೆಲ್ಲ ಅಪ್ಪ ಮಗ ಸೇರಿ ಬಡಿದದ್ದು. ಕುಲುಮೆ ಮೂಲೆಯಲ್ಲಿ ಹಾಗೆಯೇ ಇತ್ತು, ಬೆಳಿಗ್ಗೆ ಹೊತ್ತು ಭಾವ ಅದರಲ್ಲಿ ಕತ್ತಿಗಳಿಗೆ ಹದ ಹಾಕುತ್ತಿದ್ದರು.

ಆ ಕೆಲಸದಲ್ಲಿ ರಕ್ತ ಬರದ ದಿನವಿರಲಿಲ್ಲ. ಅಡಿಕೆಗೆ ಸಿಪ್ಪೆಯಿದೆ, ಜಾರಿದ ಅಲಗನ್ನು ಅದು ಹಿಡಿದುಕೊಳ್ಳುತ್ತದೆ. ನೈಲಾನ್ ಹಿಡಿದುಕೊಳ್ಳುವುದಿಲ್ಲ. ನಾನು ತೀರ್ಥಹಳ್ಳಿಯಲ್ಲಿ ಚೀಲ ಬಿಚ್ಚಿದರೆ ಬಿಳಿ ಚಕ್ರಗಳ ಸಂದಿಯಲ್ಲಿ ರಕ್ತ ಒಣಗಿ ಕಂದಾಗಿರುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯುತ್ತಿದ್ದೆ. ಯಾರ ರಕ್ತವೆಂದು ಕೇಳಿದರೆ ಅಕ್ಕ ಫೋನಿನಲ್ಲಿ, "ಯಾರದ್ದಾದ್ರೆ ನಿಂಗೆಂತ? ಎಲ್ಲಾರದ್ದೂ ಒಂದೇ ಬಣ್ಣ" ಎನ್ನುತ್ತಿದ್ದಳು.

ಆಮೇಲೆ ಅಕ್ಕ ತಣ್ಣನೆಯ ಡ್ರಮ್ಮನ್ನು ತಂದಳು. ಎಲ್ಲಿಯೋ ಮುಚ್ಚಿದ ಕಾರ್ಖಾನೆಯಿಂದ ಬಂದ ಹಳೆಯ ಯಂತ್ರ. ಅದರೊಳಗೆ ಚಕ್ರಗಳನ್ನು ತಂತಿಬುಟ್ಟಿಯಲ್ಲಿಟ್ಟು ದ್ರವ ನೈಟ್ರೋಜನ್ ಬಿಡುತ್ತಾರೆ. ನಮ್ಮ ಕಡೆಯವರಿಗೆ ಆ ದ್ರವ ಹೊಸದಲ್ಲ, ದನಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವವರು ಬೀಜದ ಕಡ್ಡಿಗಳನ್ನು ಅದರಲ್ಲೇ ಮುಳುಗಿಸಿಟ್ಟಿರುತ್ತಾರೆ. ಮೊದಲ ದಿನ ಕ್ಯಾನುಗಳು ಇಳಿದಾಗ, ಹೆಂಗಸರಲ್ಲಿ ಹಿರಿಯಳಾದ ಹುಂಚದ ಕಡೆಯವಳು ಮಣೆಯ ಮೇಲಿನಿಂದಲೇ ಕೂಗಿದಳಂತೆ.

"ಎಂತದೇ ಇದು, ದನದ ಡಾಕ್ಟ್ರ ಕ್ಯಾನು? ಇಲ್ಲಿ ಯಾವ ಎಮ್ಮೆ ಬೆದೆಗೆ ಬಂದಿತ್ತು?"

"ನೀನೇ ಅಲ್ದನೇ, ಬಾ ಈಚೆಗೆ" ಎಂದಳಂತೆ ಅಕ್ಕ.

ಭಾವ ನಗಲಿಲ್ಲ. ಇದನ್ನು ನನಗೆ ಹೇಳಿದವಳು ಅಕ್ಕ. ಆದ್ದರಿಂದ ಭಾವ ನಕ್ಕಿರಲೂಬಹುದು.

ಡ್ರಮ್ಮಿನ ಒಳಗೆ ನಡೆಯುವುದು ಹೊಡೆತ. ಚಳಿ ಏರಿದಂತೆ ತೆಳ್ಳಗಿನ ಸಿಬಿರು ಮೊದಲು ಗಾಜಿನಂತೆ ಸೆಟೆಯುತ್ತದೆ, ಚಕ್ರದ ದಪ್ಪ ಮೈ ಇನ್ನೂ ಸೆಟೆದಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ವೇಗವಾಗಿ ಎರಚಬೇಕು. ಸಿಬಿರೆಲ್ಲ ಮುರಿದು ಬೀಳುತ್ತದೆ. ಹೊತ್ತು ಮೀರಿದರೆ ಚಕ್ರದ ಹಲ್ಲುಗಳೇ ಉದುರುತ್ತವೆ. ಹೊರಗೆ ನಿಂತವರಿಗೆ, ಯಾರನ್ನೋ ತಗಡಿನ ಕೋಣೆಯಲ್ಲಿ ಕೂಡಿಹಾಕಿ ಕಲ್ಲು ಹೊಡೆದಂತೆ ಕೇಳುತ್ತದೆ. ಅಕ್ಕನಿಗೆ ಆ ಸದ್ದು ಇಷ್ಟ. ಕಿವಿಯನ್ನು ಡ್ರಮ್ಮಿನ ಹತ್ತಿರ ಇಟ್ಟು, ಸದ್ದು ತೆಳುವಾಗುವುದನ್ನು ಕಾಯುತ್ತಿದ್ದಳು.

ಭಾವನಿಗೆ ಅದು ಅಸಹ್ಯ. "ಕಬ್ಬಿಣ ಆಗ್ಲಿ ಎಂತದೇ ಆಗ್ಲಿ, ಕಾಯ್ಸಿ ಹೊಡೀಬೇಕು. ಕಾದದ್ದು ಹೊಡೆತ ತಗಂಡು ಬಗ್ತದೆ. ತಣ್ಣಗೆ ಮಾಡಿ ಹೊಡೆಯದು ಹೆಣಕ್ಕೆ ಹೊಡ್ದಂಗೆ" ಎನ್ನುತ್ತಿದ್ದರು. ಒಮ್ಮೆ ಅದನ್ನು ತೋರಿಸಲೆಂದು ರಬ್ಬರಿನ ಉರುಳೆಯೊಂದನ್ನು ದ್ರವದಲ್ಲಿ ಅದ್ದಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರು. ರಬ್ಬರು ಮಡಕೆಯಂತೆ ಒಡೆಯಿತು. ಒಂದು ಚೂರು ಅಕ್ಕನ ಹುಬ್ಬನ್ನು ಸೀಳಿತು. "ನೋಡ್ದ್ಯಾ" ಎಂದರಂತೆ ಭಾವ. ಹುಬ್ಬಿನ ಮೇಲೆ ಈಗಲೂ ಕೂದಲು ಬಾರದ ಗೆರೆಯಿದೆ. ಆ ಗೆರೆ ನನ್ನ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಆ ಹೊಡೆತವನ್ನು ನಂಬುತ್ತೇನೆ. ಬೇಕೆಂದೇ ಅವಳ ಕಡೆಗೆ ಹಾರುವಂತೆ ಹೊಡೆದರೋ ಎಂಬುದು ಗೆರೆಯಲ್ಲಿ ಕಾಣುವುದಿಲ್ಲ.

ಆ ದಿನ ನಾನು ತೀರ್ಥಹಳ್ಳಿಯಿಂದ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ ಸಾಗರಕ್ಕೆ ಬಂದೆ. ಚಕ್ರಗಳು ಸಿಗದೆ ನಮ್ಮಲ್ಲಿ ಯಂತ್ರ ಜೋಡಿಸುವ ಕೆಲಸ ನಿಂತಿತ್ತು. ಶೆಡ್ಡಿನ ಅಂಗಳಕ್ಕೆ ಕಾಲಿಟ್ಟಾಗ ಒಳಗೆ ಕೂಗಾಟ. ಜಗಳ ಹೆಂಗಸರ ವಿಷಯಕ್ಕೆ. ಅಕ್ಕ ಅವರನ್ನು ಮಣೆಯಿಂದ ಎಬ್ಬಿಸಿ ಚಕ್ರ ಒರೆಸುವ, ಒಣಗಿಸುವ ಕೆಲಸಕ್ಕೆ ಹಾಕಬೇಕೆಂದಿದ್ದಳು. ಹಿತ್ತಾಳೆಯ ಚಕ್ರ ಮಾತ್ರ ಕತ್ತಿಯ ಮೇಲೇ ಆಗಬೇಕು, ಡ್ರಮ್ಮಿಗೆ ಅದರ ನಾಜೂಕು ಬಾರದು ಎಂದು ಭಾವನ ಹಟ.

"ಕತ್ತಿ ಕತ್ತಿ ಅಂತೀರಲ್ಲ, ನಿಮ್ಮ ಕತ್ತಿ ಎಷ್ಟು ಗಟ್ಟಿ ನೋಡೇಬಿಡನ" ಎಂದ ಅಕ್ಕ, ಹುಂಚದವಳು ಕೂತಿದ್ದ ಮಣೆಯಿಂದ ಅಲಗನ್ನು ಕಿತ್ತಳು. ಅದು ಭಾವನ ಅಪ್ಪ ಬಡಿದದ್ದು, ಇಡೀ ಶೆಡ್ಡಿನಲ್ಲಿ ಹಳೆಯದು. ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಅಲಗನ್ನು ಇಕ್ಕಳದಲ್ಲಿ ಹಿಡಿದು ದ್ರವದೊಳಗೆ ಇಳಿಸಿದಳು. ದ್ರವ ಕುದಿಯಿತು. ಯಾರೂ ತಡೆಯಲಿಲ್ಲ. ಏನಾಗಲಿದೆ ಎಂದು ಭಾವನಿಗೆ ಗೊತ್ತಿತ್ತು, ಆದರೂ ನಿಂತೇ ಇದ್ದರು. ಅಕ್ಕ ಅಲಗನ್ನು ತೆಗೆದು ಅಡಿಗಲ್ಲಿನ ಮೇಲಿಟ್ಟು ಒಂದೇ ಪೆಟ್ಟು ಕೊಟ್ಟಳು. ಅಲಗು ಟಣ್ಣನೆ ತುಂಡಾಗಿ, ಒಂದು ತುಂಡು ಗೋಡೆಯ ತಗಡಿಗೆ ತಗುಲಿತು.

"ಹೆಣ ಯಾರದ್ದು ಈಗ?" ಎಂದಳು.

ಹುಂಚದವಳು ಸೆರಗು ಕೊಡವಿ ಎದ್ದಳು. "ಅಮ್ಮಾ, ನಾ ಕೂತ ಕತ್ತಿ ಅದು. ಜಗಳ ನಿಮ್ಮದು, ನನ್ನ ಕತ್ತಿ ಎಂತಕ್ಕೆ ಮುರಿದ್ರಿ?" ಎಂದು ಹೊರಟಳು. ಉಳಿದವರೂ ಅವಳ ಹಿಂದೆ ಹೋದರು. ಭಾವ ಅಕ್ಕನ ಕೈಯಿಂದ ಕೈಗವಸುಗಳನ್ನು ಎಳೆದು ಕಿತ್ತು ಅಂಗಳದ ಕೆಸರಿಗೆ ಎಸೆದರು. ಎಳೆದ ರಭಸಕ್ಕೆ ಅಕ್ಕ ಮಂಡಿಯೂರಿ ಬಿದ್ದಳು. ಅವಳು ಎದ್ದು ಅವರ ಎದೆಗೆ ಗುದ್ದಿದಳು. ಭಾವ ಅವಳ ಜಡೆ ಹಿಡಿದರು. ನಾನು ನಡುವೆ ನುಗ್ಗಿದೆ, ಯಾರದೋ ಮೊಣಕೈ ನನ್ನ ತುಟಿಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ ಇದ್ದದ್ದು ಖಂಡಿತ. ಮೊಣಕೈ ಯಾರದೆಂದು ಹೇಳಲಾರೆ.

ಅಷ್ಟು ಹೊತ್ತೂ ಡ್ರಮ್ಮು ತಿರುಗುತ್ತಲೇ ಇತ್ತು. ಅದರ ಸದ್ದು ಬದಲಾದದ್ದು ಅಕ್ಕನಿಗೆ ಮೊದಲು ಕೇಳಿಸಿತು. "ಅಯ್ಯೋ, ಹಲ್ಲು ಹೋತು!" ಎಂದು ಜಡೆ ಬಿಡಿಸಿಕೊಂಡು ಓಡಿದಳು. ಮಳೆ ಓರೆಯಾಗಿ ಹೊಡೆಯುತ್ತಿದ್ದುದರಿಂದ ಬಾಗಿಲನ್ನು ಯಾರೋ ಅರ್ಧ ಎಳೆದಿದ್ದರು. ಡ್ರಮ್ಮಿನ ಮುಚ್ಚಳ ತೆಗೆದಾಗ ಬಿಳಿಯ ಹೊಗೆ ಹೊರಬಂದು ನೆಲದ ಮೇಲೆ ಮೊಣಕಾಲೆತ್ತರ ಹರಡಿತು. ಕೈಗವಸು ಕೆಸರಿನಲ್ಲಿತ್ತು. ಅಕ್ಕ ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ತೆಗೆದು, ಹಿಂಡಿ, ಕೈಗೆ ಸುತ್ತಿಕೊಂಡು ಬುಟ್ಟಿಯ ಹಿಡಿಗೆ ಕೈ ಹಾಕಿದಳು.

ಒಲೆಯ ಮೇಲಿನ ಹಂಡೆ ಇಳಿಸುವಾಗ ನಾವೆಲ್ಲ ಮಾಡುವುದು ಹೀಗೆಯೇ. ಹೊಗೆಯಾಡುವುದನ್ನು ಮುಟ್ಟಬೇಕಾದರೆ ಬಟ್ಟೆ ಒದ್ದೆ ಮಾಡಿಕೊಳ್ಳುತ್ತೇವೆ. ಅಕ್ಕ ಎಷ್ಟೋ ಜನಕ್ಕೆ ಆ ಡ್ರಮ್ಮಿನ ಹತ್ತಿರ ಒದ್ದೆ ಕೈ ತರಬೇಡಿ ಎಂದು ಹೇಳಿದವಳು. ಆ ಕ್ಷಣದಲ್ಲಿ ಹೊಗೆ ಕಂಡಿತು, ಕೈ ಬಟ್ಟೆಗೆ ಹೋಯಿತು. ಒದ್ದೆ ಬಟ್ಟೆ ಹಿಡಿಯನ್ನು ಮುಟ್ಟಿದ ಕೂಡಲೇ ಕಲ್ಲಾಯಿತು. ಹಿಡಿ, ಬಟ್ಟೆ, ಅಂಗೈ ಒಂದೇ ಗಟ್ಟಿ.

"ಬಿಡ್ತಿಲ್ಲ" ಎಂದಳು. ಕೂಗಲಿಲ್ಲ. ಆಮೇಲೆ ಕೂಗಿದಳು, "ಬಿಡ್ತಿಲ್ಲ ಕಣ್ರೀ, ಅಂಟ್ಕಂಡ್ತು!"

ಭಾವ ಬಂದು ಅವಳ ಮಣಿಕಟ್ಟು ಹಿಡಿದು ಬುಟ್ಟಿಯ ಸಮೇತ ಎಳೆದರು. ಚಕ್ರಗಳು ಉರುಳಿ, ಸಿಮೆಂಟು ನೆಲಕ್ಕೆ ಬಿದ್ದು ಪಿಂಗಾಣಿ ಬಸಿಗಳಂತೆ ಒಡೆದವು. ಅಕ್ಕನನ್ನು ಹಾಗೆಯೇ ದರದರನೆ ಕುಲುಮೆಯವರೆಗೆ ಎಳೆದೊಯ್ದು, ಅವಳ ಕೈಯನ್ನೂ ಬುಟ್ಟಿಯ ಹಿಡಿಯನ್ನೂ ಒಟ್ಟಿಗೆ ಕೆಂಡದ ಮೇಲೆ ಹಿಡಿದರು. ಇನ್ನೊಂದು ಕೈ ಕೆಂಡಕ್ಕೆ ಗಾಳಿ ಊದುವ ಗಾಳಿಚಕ್ರ ತಿರುಗಿಸುತ್ತಿತ್ತು. ತುಟಿ ಒತ್ತಿಕೊಂಡು ಬಾಗಿಲಿಗೆ ಸರಿದಿದ್ದ ನಾನು ಅಲ್ಲಿಂದ ನೋಡಿದೆ.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ.

ಒಂದರಲ್ಲಿ ಬಟ್ಟೆ ಸಡಿಲವಾಗುತ್ತದೆ, ಭಾವ ಕೂಡಲೇ ಅಕ್ಕನ ಕೈಯನ್ನು ಹಿಂದಕ್ಕೆ ಸೆಳೆಯುತ್ತಾರೆ, ಬಟ್ಟೆ ಆಮೇಲೆ ಕೆಂಡಕ್ಕೆ ಬಿದ್ದು ಹೊತ್ತಿಕೊಳ್ಳುತ್ತದೆ. ಇನ್ನೊಂದರಲ್ಲಿ ಬಟ್ಟೆ ಮೊದಲು ಬೀಳುತ್ತದೆ, ಬುಟ್ಟಿ ನೆಲಕ್ಕೆ ಬೀಳುತ್ತದೆ. ಬರಿಯ ಕೈ ಕೆಂಡದ ಮೇಲೆ ಹಾಗೆಯೇ ಇರುತ್ತದೆ. ಭಾವ ಹಿಡಿದೇ ಇರುತ್ತಾರೆ, ಗಾಳಿಚಕ್ರ ತಿರುಗುತ್ತಲೇ ಇರುತ್ತದೆ. ಆಗ ಅವರು, "ಬೆಂಕಿ ಅಂದ್ರೆ ಎಂತ ಗೊತ್ತಾತಾ?" ಎನ್ನುತ್ತಾರೆ. ಆದರೆ ಆ ಮಾತನ್ನು ನಾನು ಅವರ ಬಾಯಲ್ಲಿ ಬೇರೆ ದಿನ ಕೇಳಿದ್ದೇನೆ, ಹೆಂಗಸರು ಕಾದ ಅಲಗನ್ನು ಮುಟ್ಟಹೋದಾಗ ತಮಾಷೆಗೆ ಹೇಳುತ್ತಿದ್ದ ಮಾತು. ಅದು ತಾನಾಗಿ ಇಲ್ಲಿಗೆ ಬಂದು ಕೂತಿತೋ, ಅವರು ಇಲ್ಲಿಯೂ ಹೇಳಿದರೋ.

ಅಕ್ಕನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕೈ ಮರಗಟ್ಟಿತ್ತು. ಅವಳು ಕಣ್ಣು ಮುಚ್ಚಿದ್ದಳು.

ಶಿವಮೊಗ್ಗದ ಆಸ್ಪತ್ರೆಯ ವೈದ್ಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹೆಪ್ಪುಗಟ್ಟಿದ ಕೈಯನ್ನು ಬೆಂಕಿಗೆ ಹಿಡಿಯಲೇಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು ಎಂದು ಹೇಳಿದರು. "ನಮಗೆ ಯಾರು ಹೇಳ್ಕೊಟ್ಟಿದ್ರು ಡಾಕ್ಟ್ರೇ? ತಣ್ಣಗಾದ್ರೆ ಕಾಯ್ಸೋದು, ಅಷ್ಟೇ ಗೊತ್ತು ನಮಗೆ" ಎಂದು ಭಾವ ಗೋಡೆಗೆ ಒರಗಿ ಅತ್ತರು. ಬೆರಳುಗಳನ್ನು ಕೊಂದದ್ದು ಚಳಿಯೋ ಬೆಂಕಿಯೋ ಎಂದು ನಾನು ಕೇಳಿದೆ. ಸತ್ತ ಚರ್ಮ ಎರಡರಲ್ಲೂ ಒಂದೇ ಥರ ಕಾಣುತ್ತದೆ, ಹೇಳುವುದು ಕಷ್ಟ ಎಂದರು. ಆಮೇಲೆ ಅವರೇ, ಶೆಡ್ಡಿನ ಬಾಗಿಲು ತೆರೆದಿತ್ತೇ ಎಂದು ವಿಚಾರಿಸಿದರು. ಅರ್ಧ ಮುಚ್ಚಿತ್ತು ಎಂದೆ. ಆ ಹೊಗೆ ಕೋಣೆಯಲ್ಲಿ ತುಂಬಿದರೆ ಉಸಿರಾಡುವ ಗಾಳಿ ಕಡಿಮೆಯಾಗುತ್ತದೆ, ಉಸಿರುಕಟ್ಟಿದಂತೆ ಅನ್ನಿಸುವುದೂ ಇಲ್ಲ, ಬುದ್ಧಿ ಮಂಕಾಗುತ್ತದೆ, ನಿಮಗೆ ತಲೆ ಸುತ್ತಿತೇ ಎಂದರು. ಸುತ್ತಿತ್ತೆಂದು ಈಗ ಅನ್ನಿಸುತ್ತದೆ. ಅವರು ಕೇಳಿದ್ದರಿಂದ ಹಾಗೆ ಅನ್ನಿಸುತ್ತಿದೆಯೇ ಎಂದೂ ಅನ್ನಿಸುತ್ತದೆ.

ಆಸ್ಪತ್ರೆಯಿಂದ ಅಕ್ಕ ನೇರ ಹೊಸನಗರದ ಅಮ್ಮನ ಮನೆಗೆ ಬಂದಳು. ಕೆಲವು ವಾರಗಳ ಬಳಿಕ ಭಾವ ಕರೆದೊಯ್ಯಲು ಬಂದರು. ಅಮ್ಮ ಕಾಫಿ ಕೊಟ್ಟಳು. ಅಕ್ಕ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅವರೆದುರಿಗೇ ನನ್ನನ್ನು ಕೇಳಿದಳು.

"ಬಟ್ಟೆ ಬಿದ್ದಮೇಲೂ ಹಿಡ್ಕಂಡಿದ್ರಾ? ಇಷ್ಟೇ ಹೇಳು ನಂಗೆ."

"ನಂಗೆ ಸರಿಯಾಗಿ..."

"ಹೌದು ಅನ್ನು. ಇಲ್ಲಾ ಇಲ್ಲ ಅನ್ನು. ನಿಂಗೆ ಎಲ್ಲಾದ್ರಲ್ಲೂ ನಡೂ ದಾರಿ ಬೇಕು."

ಅಮ್ಮ ಒಳಗಿನಿಂದ, "ಇಲ್ಲ ಅನ್ನೇ ಮಾರಾಯ್ತಿ, ಸಂಸಾರ ಉಳೀಲಿ" ಎಂದಳು.

ಅಕ್ಕ ಭಾವನ ಕಡೆಗೆ ತಿರುಗಿದಳು. "ನೀವು ಹೇಳಿ."

ಭಾವ ಲೋಟ ಕೆಳಗಿಟ್ಟರು. "ಬಟ್ಟೆ ಯಾವಾಗ ಬಿತ್ತೋ ನಾನು ನೋಡ್ಲಿಲ್ಲ. ನಿನ್ನ ಮುಖ ನೋಡ್ತಿದ್ದೆ."

"ಮುಖದಲ್ಲಿ ಎಂತ ನೋಡ್ತಿದ್ರಿ? ನೋವು ಬಂತಾ ಅಂತ ನೋಡ್ತಿದ್ರಾ?"

ಅಕ್ಕ ಎಡಗೈಯಿಂದ ಕಾಫಿ ಲೋಟವನ್ನು ಎತ್ತಿ ಅವರ ಮುಖಕ್ಕೆ ಎಸೆದಳು. ಲೋಟ ಹಣೆಗೆ ತಗುಲಿ ಚರ್ಮ ಬಿರಿಯಿತು. ಭಾವ ಒರೆಸಿಕೊಳ್ಳಲೂ ಇಲ್ಲ. "ಹೊಡಿ, ಇನ್ನೂ ಹೊಡಿ" ಎಂದರು. "ಹೊಡೆದ್ರೆ ಗೊತ್ತಾಗ್ತದೆ ಅಂದ್ರೆ ಹೊಡೀತಿದ್ದೆ" ಎಂದು ಅಕ್ಕ ಎದ್ದು ಹೋದಳು.

ನಾನು ಮಾಡಿದ ಮುಂದಿನ ಕೆಲಸ ಹುಚ್ಚು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಅಕ್ಕನನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಒಂದು ಬಿದಿರ ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿ, ತಣ್ಣನೆಯ ಬುಟ್ಟಿಯ ಹಿಡಿಗೆ ಅಂಟಿಸಿ, ಕುಲುಮೆಯ ಮೇಲೆ ಹಿಡಿದು ನೋಡಬೇಕು, ಬಟ್ಟೆ ಬಿಡುವುದು ಯಾವಾಗ, ಹೊತ್ತಿಕೊಳ್ಳುವುದು ಯಾವಾಗ ಎಂದು. ಬೆಂಕಿಯನ್ನು ಭಾವನೇ ಹೂಡಿದರು, ಅವರೇ ಬುಟ್ಟಿ ಹಿಡಿದರು. ಅಕ್ಕ ಬಾಗಿಲಲ್ಲಿ, ಅವತ್ತು ನಾನು ನಿಂತಿದ್ದ ಜಾಗದಲ್ಲಿ ನಿಂತಳು.

ಮೊದಲ ಸಲ ಬಟ್ಟೆ ಬೇಗ ಬಿಟ್ಟಿತು, ಬಿದಿರು ಮಾಸಲಿಲ್ಲ. ಎರಡನೆಯ ಸಲ ಬಟ್ಟೆ ಒಂದು ಬದಿ ಹೊತ್ತಿ ಉರಿಯುತ್ತಿದ್ದರೂ ಇನ್ನೊಂದು ಬದಿ ಹಿಡಿಗೆ ಕಚ್ಚಿಕೊಂಡೇ ಇತ್ತು, ಬಿದಿರು ಚಟಚಟ ಸಿಡಿದು ಕರಿಯಾಯಿತು. ಆಮೇಲೂ ಮಾಡಿದೆವು. ಒಂದೊಂದು ಸಲ ಒಂದೊಂದು ರೀತಿ. ಡ್ರಮ್ಮಿನ ಹೊಗೆ ನೆಲದ ಮೇಲೆ ಹರಿದು ಬಂದಾಗ ಕೆಂಡ ಕಪ್ಪಾಗುತ್ತಿತ್ತು, ಗಾಳಿಚಕ್ರ ತಿರುಗಿಸಿದರೂ ಬೇಗ ಏಳುತ್ತಿರಲಿಲ್ಲ. ಅವತ್ತೂ ಹಾಗಾಗಿದ್ದರೆ ಬೆಂಕಿಯಲ್ಲಿ ಸುಡುವಷ್ಟು ಕಾವು ಇದ್ದಿರಲಿಕ್ಕಿಲ್ಲ. ಆಗಿರದಿದ್ದರೆ ಇತ್ತು.

"ಇನ್ನೂ ಸ್ವಲ್ಪ ಹಿಡೀಲಾ?" ಎಂದು ಭಾವ ಕೇಳಿದರು. ಅವರ ಮುಖ ಬೆವರಿತ್ತು. ಕೇಳಿದ್ದು ನನ್ನನ್ನು, ನೋಡಿದ್ದು ಅಕ್ಕನನ್ನು.

ಅಕ್ಕ ಒಳಗೆ ಬಂದಳು. ಎಡಗೈಯಲ್ಲಿ ಸುತ್ತಿಗೆ ತೆಗೆದುಕೊಂಡು ಗಾಳಿಚಕ್ರದ ಮೇಲೆ ಬಡಿದಳು. ಅಭ್ಯಾಸವಿಲ್ಲದ ಕೈ, ಪೆಟ್ಟು ಎಲ್ಲೆಲ್ಲೋ ಬಿತ್ತು, ಒಂದು ಭಾವನ ಪಾದದ ಹತ್ತಿರವೇ ನೆಲಕ್ಕೆ ಬಿತ್ತು. ಅವರು ಸರಿಯಲಿಲ್ಲ. ಚಕ್ರದ ರೆಕ್ಕೆ ಬಗ್ಗಿ, ಒಡೆದು, ಇನ್ನು ತಿರುಗದು ಎನ್ನುವವರೆಗೆ ಅವಳು ಬಡಿದಳು.

"ಸಾಕು" ಎಂದಳು ಉಸಿರು ಬಿಡುತ್ತ. "ನೀನು ಹೇಳದೂ ಬೇಡ, ಇವ್ರು ಹೇಳದೂ ಬೇಡ. ಡ್ರಮ್ಮು ನನ್ನದು, ನಾನು ನಡೆಸ್ತೀನಿ. ಬುಟ್ಟಿ ತುಂಬಕ್ಕೆ ನಂಗೆ ಕೈ ಸಾಲದಿಲ್ಲ, ನೀವು ತುಂಬಿ. ಹಗಲು ಇಲ್ಲಿರ್ತೀನಿ. ರಾತ್ರಿ ನಿಮ್ಮ ಜೊತೆ ಒಂದೇ ಮನೇಲಿ ಕಣ್ಣು ಮುಚ್ಚಕ್ಕೆ ನನ್ನಿಂದ ಆಗದಿಲ್ಲ."

ಭಾವ, "ಆತು" ಎಂದರು.

ಈಗ ಹಾಗೆಯೇ ನಡೆಯುತ್ತಿದೆ. ಅಕ್ಕ ಬೆಳಿಗ್ಗೆ ಹೊಸನಗರದಿಂದ ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ಬಸ್ಸಿಗೆ ಹೋಗುತ್ತಾಳೆ. ಭಾವ ಬುಟ್ಟಿ ತುಂಬುತ್ತಾರೆ, ಇಳಿಸುತ್ತಾರೆ. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ ಎಂದು ಹುಂಚದವಳು ಹೇಳುತ್ತಾಳೆ. ಅವಳು ಚಕ್ರ ಒರೆಸುವ ಕೆಲಸಕ್ಕೆ ಮರಳಿ ಬಂದಿದ್ದಾಳೆ, ಇಬ್ಬರನ್ನೂ ಅವರೆದುರಿಗೇ ಬೈಯುತ್ತಾಳೆ. ಪೊಲೀಸರ ತನಕ ಯಾರೂ ಹೋಗಲಿಲ್ಲ.

ಅಕ್ಕ ನನ್ನನ್ನು ಮತ್ತೆ ಕೇಳಿಲ್ಲ. ಕೇಳಿದರೆ ಹೇಳುವುದು ಇಷ್ಟೇ. ಬಟ್ಟೆ ಮೊದಲು ಬಿತ್ತೋ, ಕೈ ಮೊದಲು ಬಂತೋ ನನಗೆ ಗೊತ್ತಿಲ್ಲ. ನಾನು ಅಲ್ಲಿದ್ದೆ, ನನ್ನ ಕಣ್ಣು ತೆರೆದಿತ್ತು, ಆದರೂ ಗೊತ್ತಿಲ್ಲ. ಭಾವನಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.